ಯಾವ ಚರಂಡಿ ಮೊದಲು?

ಅರಬಿಯಲ್ಲಿ ಖಮೀಸ್ ಎಂದರೆ ಗುರುವಾರ. ಸೌದಿ ಅರೇಬಿಯಾದ ನೈಋತ್ಯಕ್ಕೆ, ಅಸೀರ್ ಪ್ರಾಂತದ ಬೆಟ್ಟಸೀಮೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿರುವ ಖಮೀಸ್ ಮುಶೈತ್‌ಗೆ ಆ ಹೆಸರು ಬಂದದ್ದು ಗುರುವಾರದ ಸಂತೆಯಿಂದ. ಮುಶೈತ್ ಎಂಬುದು ಆ ಸೀಮೆಯ ಶಹ್ರಾನ್ ಕುಲದ ಮುಖಂಡರ ಮನೆತನ. ಕೊಡಗಿನ ಶನಿವಾರಸಂತೆಯನ್ನೂ ಸೋಮವಾರಪೇಟೆಯನ್ನೂ ಬಲ್ಲವರಿಗೆ ಈ ಬಗೆಯ ಹೆಸರು ಹೊಸತಲ್ಲ. ಸಂತೆ ಕೂಡಬೇಕಾದರೆ ಮೂರು ಮಾತು ಮೊದಲೇ ತೀರ್ಮಾನ ಆಗಿರಬೇಕು. ಯಾವ ದಿನ ಎಂಬುದು ಸುತ್ತಲಿನ ಹತ್ತೂರಿಗೆ ಗೊತ್ತಿರಬೇಕು. ಯಾವ ಬಯಲು ಎಂಬುದರಲ್ಲಿ ತಕರಾರು ಇರಬಾರದು. ಸಂತೆಯಲ್ಲಿ ತೂಕದ ಜಗಳವೋ ಹಳೆಯ ಹಗೆಯೋ ಎದ್ದರೆ ಜವಾಬು ಹೇಳುವವರು ಯಾರು ಎಂಬುದು ಎಲ್ಲರಿಗೂ ತಿಳಿದಿರಬೇಕು. ಅಸೀರದ ವಾರದ ಸಂತೆಗಳಲ್ಲಿ ಸಂತೆಯ ದಿನದ ನೆಮ್ಮದಿಗೆ ಆ ಜಾಗದ ಕುಲವೇ ಹೊಣೆ. ದಿನ, ಜಾಗ, ಜವಾಬು ಈ ಮೂರೂ ಕೂಡಿದ್ದರಿಂದಲೇ ಬೆಟ್ಟದ ಬಯಲೊಂದು ಊರಾಯಿತು. ಇಂದಿನ ಸಣ್ಣ ನಗರಗಳ ಆಡಳಿತದಲ್ಲಿ ಕೈಕೊಡುವುದೂ ಇದೇ ಮೂರು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ನಗರಸಭೆ ಭಾಷಣದಿಂದಲೋ ಪ್ರಣಾಳಿಕೆಯಿಂದಲೋ ನಿರ್ಧರಿಸುತ್ತದೆ ಎಂದುಕೊಂಡಿದ್ದೇವೆ. ನಿಜವಾಗಿ ಅದನ್ನು ನಿರ್ಧರಿಸುವುದು ಸಮಿತಿಗಳ ಏರ್ಪಾಡು: ಯಾರು ಯಾವ ಮೇಜಿನ ಸುತ್ತ, ಎಂದು, ಎಷ್ಟು ಹಣ ಕೈಯಲ್ಲಿಟ್ಟುಕೊಂಡು ಕೂರುತ್ತಾರೆ ಎಂಬುದು. ಈ ಮಾತನ್ನು ಖಮೀಸ್ ಮುಶೈತ್, ಉಡುಪಿ, ಕಾಸರಗೋಡು ಎಂಬ ಮೂರು ಊರುಗಳನ್ನಿಟ್ಟು ಪರೀಕ್ಷಿಸಿ ನೋಡಬಹುದು.

ಖಮೀಸ್ ಮುಶೈತ್ ಇಂದು ಐದು ಲಕ್ಷ ದಾಟಿದ ಊರು. ಪ್ರಾಂತದ ರಾಜಧಾನಿ ಅಬಹಾ ಪಕ್ಕದಲ್ಲೇ ಇದ್ದರೂ ವ್ಯಾಪಾರದ ಊರು ಖಮೀಸೇ. ದೊಡ್ಡ ಸೇನಾ ನೆಲೆಯೂ ವಾಯುನೆಲೆಯೂ ಇಲ್ಲಿವೆ. ಕರ್ನಾಟಕದಲ್ಲಿದ್ದಿದ್ದರೆ 3 ಲಕ್ಷ ದಾಟಿದ ಊರೆಂದು ಮಹಾನಗರ ಪಾಲಿಕೆಯ ಪಟ್ಟಿಗೆ ಸೇರುತ್ತಿತ್ತು. ಅಲ್ಲಿ ಅದು ಅಬಹಾದಲ್ಲಿರುವ ಅಸೀರ್ ಅಮಾನತ್ ಎಂಬ ಪ್ರಾಂತಮಟ್ಟದ ಕಚೇರಿಯ ಕೈಕೆಳಗಿನ ಪೌರಸಂಸ್ಥೆ. ಅದರ ಅರಬಿ ಹೆಸರು ಗಲ್ಫಿನಲ್ಲಿ ದುಡಿದ ಕರಾವಳಿಯ ಎಲ್ಲರಿಗೂ ಬಾಯಿಪಾಠ: ಬಲದಿಯಾ. ಬಕಾಲಾ ಎಂಬ ದಿನಸಿ ಅಂಗಡಿಯಲ್ಲಿ, ಬೂಫಿಯಾ ಎಂಬ ಸಣ್ಣ ಹೋಟೆಲಿನಲ್ಲಿ ಕೆಲಸಕ್ಕಿರುವವರಿಗೆ ‘ಬಲದಿಯಾದವರು ಬಂದರು’ ಎಂಬ ಮಾತಿನಷ್ಟು ಎಚ್ಚರ ಮೂಡಿಸುವ ಮಾತು ಇನ್ನೊಂದಿಲ್ಲ. ಅಂಗಡಿಯ ಪರವಾನಗಿ, ಅಡುಗೆಮನೆಯ ತಪಾಸಣೆ, ಕೆಲಸದವರ ಆರೋಗ್ಯ ಕಾರ್ಡು, ಕಟ್ಟಡದ ಅನುಮತಿ, ಬೀದಿದೀಪ, ಕಸ, ಉದ್ಯಾನ, ಒಳರಸ್ತೆ, ಮಳೆನೀರಿನ ಕಾಲುವೆ ಇವೆಲ್ಲ ಬಲದಿಯಾದ ಲೆಕ್ಕಕ್ಕೆ ಬರುತ್ತವೆ. ಕುಡಿಯುವ ನೀರು ಬರುವುದಿಲ್ಲ. ಅದು ಕೆಂಪು ಸಮುದ್ರದ ದಡದ ಶುಕೈಕ್‌ನಲ್ಲಿ ಉಪ್ಪು ಕಳೆದುಕೊಂಡು, ಕೊಳವೆಯಲ್ಲಿ ಘಟ್ಟ ಹತ್ತಿ ಬರುವ ನೀರು. ಹಂಚುವುದು ರಾಷ್ಟ್ರೀಯ ಜಲ ಕಂಪನಿ. ವಿದ್ಯುತ್ತು ಇನ್ನೊಂದು ಕಂಪನಿಯದು. ಹೀಗಾಗಿ ಊರಿನ ಅತಿ ದೊಡ್ಡ ಎರಡು ಅಗತ್ಯಗಳು ಊರಿನ ಸಂಸ್ಥೆಯ ಆದ್ಯತಾ ಪಟ್ಟಿಯೊಳಗೆ ಬರುವುದೇ ಇಲ್ಲ. ಬೆಟ್ಟಸೀಮೆಯ ಮಳೆ ಬಂದರೆ ಒಂದೇ ಗಂಟೆಯಲ್ಲಿ ಸುರಿದುಬಿಡುತ್ತದೆ, ಒಣಗಿದ್ದ ಹಳ್ಳಗಳು ಏಕಾಏಕಿ ತುಂಬಿ ಹರಿಯುತ್ತವೆ. ಆದ್ದರಿಂದ ಪಟ್ಟಿಯಲ್ಲಿ ಉಳಿದವುಗಳ ಪೈಕಿ ಕಾಲುವೆಯದೇ ದೊಡ್ಡ ಪ್ರಶ್ನೆ. ಯಾವ ಬಡಾವಣೆಯ ಕಾಲುವೆ ಈ ವರ್ಷ, ಯಾವುದು ಮುಂದಿನ ವರ್ಷ?

ಈ ಬಗೆಯ ಪ್ರಶ್ನೆಗೆ ಊರಿನವರೇ ಉತ್ತರ ಹೇಳಲಿ ಎಂಬ ಯೋಚನೆ ಸೌದಿಗೆ ಹೊಸದೇನಲ್ಲ. 1977ರ ಪೌರಾಡಳಿತ ಕಾನೂನಿನಲ್ಲೇ ಅರ್ಧ ಚುನಾಯಿತ, ಅರ್ಧ ನೇಮಕಗೊಂಡ ಪರಿಷತ್ತಿನ ಮಾತಿತ್ತು. ಅದು ಕಾಗದದಿಂದ ಎದ್ದು ಬರಲು 28 ವರ್ಷ ಬೇಕಾಯಿತು. 2005ರಲ್ಲಿ ದೇಶವಿಡೀ 178 ಪರಿಷತ್ತುಗಳ ಅರ್ಧದಷ್ಟು ಸ್ಥಾನಗಳಿಗೆ ಮೂರು ಹಂತಗಳಲ್ಲಿ ಚುನಾವಣೆ ನಡೆಯಿತು. ಅಸೀರ್ ಮತ ಹಾಕಿದ್ದು ಎರಡನೇ ಹಂತದಲ್ಲಿ, ಮಾರ್ಚ್ 3ರಂದು. 2005ರಲ್ಲಿ ಮತದಾರರು ಗಂಡಸರು ಮಾತ್ರ, 2011ರ ಎರಡನೇ ಚುನಾವಣೆಯಲ್ಲೂ ಅಷ್ಟೇ. 2014ರ ಹೊಸ ಕಾನೂನು ಚುನಾಯಿತರ ಪಾಲನ್ನು ಮೂರರಲ್ಲಿ ಎರಡಕ್ಕೆ ಏರಿಸಿತು, ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು, ಪರಿಷತ್ತಿಗೆ ಸ್ವತಂತ್ರ ಸ್ಥಾನಮಾನ ಕೊಟ್ಟಿತು. 2015ರ ಡಿಸೆಂಬರ್ 12ರಂದು ಹೆಂಗಸರೂ ಮತ ಹಾಕಿದರು, ಸ್ಪರ್ಧಿಸಿದರು. 2,106 ಚುನಾಯಿತ ಸ್ಥಾನಗಳಲ್ಲಿ ಇಪ್ಪತ್ತರಷ್ಟು ಹೆಂಗಸರು ಗೆದ್ದರು. ಲೆಕ್ಕಕ್ಕೆ ಅದು ನೂರಕ್ಕೆ ಒಂದು, ಆ ದೇಶದ ಮಟ್ಟಿಗೆ ದೊಡ್ಡ ಹೆಜ್ಜೆ. ನಾಲ್ಕು ವರ್ಷಕ್ಕೆಂದು ಆಯ್ಕೆಯಾದ ಆ ಪರಿಷತ್ತುಗಳ ಅವಧಿ ಮುಂದೆ ವಿಸ್ತರಣೆಯಾಯಿತು. ಆ ಬಳಿಕ ಮತ್ತೊಂದು ಚುನಾವಣೆ ನಡೆದಿಲ್ಲ.

ಪರಿಷತ್ತಿನ ಕೈಗೆ ಏನು ಬಂತು ಎಂಬುದು ನಮ್ಮ ಚರ್ಚೆಗೆ ಮುಖ್ಯ. ಬಲದಿಯಾದ ಯೋಜನೆಗಳನ್ನೂ ಆಯವ್ಯಯದ ಕರಡನ್ನೂ ಲೆಕ್ಕಪತ್ರವನ್ನೂ ಪರಿಶೀಲಿಸುವುದು, ಕೆಲಸದ ಮೇಲೆ ನಿಗಾ ಇಡುವುದು, ನಾಗರಿಕರ ಜೊತೆ ಸಭೆ ನಡೆಸಿ ಅಹವಾಲು ಕೇಳುವುದು. ಇವು ಸಣ್ಣ ಅಧಿಕಾರಗಳಲ್ಲ. ಆದರೆ ಬಲದಿಯಾದ ಮುಖ್ಯಸ್ಥ ಸರ್ಕಾರದ ನೇಮಕದವರು, ಹಣದ ಕೊನೆಯ ಅಂಕಿ ಬೀಳುವುದು ರಿಯಾದಿನಲ್ಲಿ. ಸಂತೆಯ ಮೂರು ಮಾತಿಗೆ ಹೋಲಿಸಿದರೆ ಪರಿಷತ್ತಿಗೆ ದಿನ ಸಿಕ್ಕಿತು, ಜವಾಬು ಕೇಳುವ ಹಕ್ಕೂ ಸಿಕ್ಕಿತು, ಕಾಲೂರಲು ಬೇಕಾದ ಬಯಲು ಮಾತ್ರ ಸಿಗಲಿಲ್ಲ. ಕೈಯಲ್ಲಿ ಗಂಟಿಲ್ಲದ ಸಮಿತಿ ಎಷ್ಟೇ ಶ್ರದ್ಧೆಯಿಂದ ಕೂತರೂ ಅದರ ಕೆಲಸ ಶಿಫಾರಸಿನ ಹಂತದಲ್ಲೇ ನಿಲ್ಲುತ್ತದೆ. ಶಿಫಾರಸಿಗೆ ಒಂದು ದೌರ್ಬಲ್ಯವಿದೆ. ಹತ್ತು ಬೇಡಿಕೆಗಳನ್ನು ಶಿಫಾರಸು ಮಾಡುವುದಕ್ಕೆ ಖರ್ಚಿಲ್ಲ, ಆದ್ದರಿಂದ ಯಾರೂ ಒಂಬತ್ತನ್ನು ಬಿಟ್ಟು ಒಂದನ್ನು ಆರಿಸುವುದಿಲ್ಲ. ಈ ವರ್ಷಕ್ಕೆ ಇಷ್ಟೇ ಹಣ, ಇದರಲ್ಲಿ ಒಂದೇ ಕಾಲುವೆ ಆಗುತ್ತದೆ ಎಂದು ಗೊತ್ತಿರುವ ಮೇಜಿನ ಮೇಲೆ ಮಾತ್ರ ಆದ್ಯತೆ ಹುಟ್ಟುತ್ತದೆ. ಉಳಿದ ಮೇಜುಗಳಲ್ಲಿ ಹುಟ್ಟುವುದು ಬೇಡಿಕೆಯ ಪಟ್ಟಿ.

ಹಾಗಾದರೆ ವಾರ್ಡಿಗೊಬ್ಬ ಸದಸ್ಯ ಚುನಾಯಿತನಾಗಿ, ಸ್ವಂತ ತೆರಿಗೆಯೂ ಇರುವ ಕಡೆ ಈ ತೊಂದರೆ ಇಲ್ಲವೇ? ಉಡುಪಿಯನ್ನು ನೋಡೋಣ. 2011ರ ಗಣತಿಯಲ್ಲಿ 1.44 ಲಕ್ಷ ಜನ, 35 ವಾರ್ಡು, ಮಣಿಪಾಲವೂ ಸೇರಿದ ನಗರಸಭೆ. ಕರ್ನಾಟಕದಲ್ಲಿ 20,000ದಿಂದ 50,000 ಜನರಿದ್ದರೆ ಪುರಸಭೆ, ಅಲ್ಲಿಂದ 3 ಲಕ್ಷದವರೆಗೆ ನಗರಸಭೆ. ಎರಡಕ್ಕೂ 1964ರ ಪೌರಸಭೆಗಳ ಕಾಯ್ದೆಯೇ ಆಧಾರ. ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆಯಿದೆ. ಅದರಲ್ಲಿ ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ ಎಂದು ನಾಲ್ಕು ಸ್ಥಾಯಿ ಸಮಿತಿಗಳು. ನಗರಸಭೆಯಲ್ಲಿ ರೂಢಿಯಲ್ಲಿರುವುದು ಒಂದೇ ಸ್ಥಾಯಿ ಸಮಿತಿ. ನೀರು, ಕಸ, ರಸ್ತೆ, ತೆರಿಗೆ, ಲೈಸೆನ್ಸು ಎಲ್ಲವೂ ಆ ಒಂದೇ ಮೇಜಿಗೆ ಬರಬೇಕು. ಬಹುಪಾಲು ಅಲ್ಲಿಗೂ ಬರದೆ ನೇರ ಸಾಮಾನ್ಯ ಸಭೆಗೆ ಹೋಗುತ್ತವೆ. ಆ ಸಭೆಯ ಕಾರ್ಯಸೂಚಿ ಯಾವ ಊರಿನದಾದರೂ ಒಂದೇ ಅಚ್ಚಿನದು. ಮೊದಲಿಗೆ ಹಿಂದಿನ ಸಭೆಯ ನಡಾವಳಿ ಓದಿ ದಾಖಲಿಸುವುದು, ನಂತರ ಜಮಾ–ಖರ್ಚು, ಆಮೇಲೆ ಕ್ರಿಯಾ ಯೋಜನೆಗಳ ಅನುಮೋದನೆ, ಟೆಂಡರ್ ದರಗಳು, ತುರ್ತಾಗಿ ಮಾಡಿಸಿ ಮುಗಿಸಿದ ಕೆಲಸಗಳಿಗೆ ‘ಘಟನೋತ್ತರ ಮಂಜೂರಾತಿ’, ಕೊನೆಗೆ ‘ಅಧ್ಯಕ್ಷರ ಅನುಮತಿಯಿಂದ ಬರುವ ಇತರ ವಿಷಯಗಳು’. ಈ ಕಾಗದವನ್ನು ಗಮನವಿಟ್ಟು ಓದಿದರೆ ಊರಿನ ಆದ್ಯತೆ ಎಲ್ಲಿ ನಿರ್ಧಾರವಾಗುತ್ತಿದೆ ಎಂದು ತಿಳಿಯುತ್ತದೆ. ಕ್ರಿಯಾ ಯೋಜನೆ ಸಭೆಗೆ ಬರುವ ಹೊತ್ತಿಗೆ ಪೌರಾಯುಕ್ತರ ಕೋಣೆಯಲ್ಲಿ ಸಿದ್ಧವಾಗಿರುತ್ತದೆ. ಕೆಲಸ ಮುಗಿದ ಮೇಲೆ ಮಂಜೂರಾತಿ ಕೊಡುವ ವಿಷಯದಲ್ಲಿ ಆಯ್ಕೆಯ ಮಾತೇ ಇಲ್ಲ. 35 ಜನ ಕೂತ ಸಭೆಯಲ್ಲಿ ಮೂರು ಗಂಟೆಗೆ ಮೂವತ್ತು ವಿಷಯ ತೀರಬೇಕಾದರೆ ಸದಸ್ಯರಿಗೆ ಉಳಿಯುವ ದಾರಿ ಒಂದೇ: ಎದ್ದು ನಿಂತು ತಮ್ಮ ವಾರ್ಡಿನ ಹೊಂಡ, ತಮ್ಮ ವಾರ್ಡಿನ ದೀಪ ಎನ್ನುವುದು. ಪತ್ರಿಕೆಗಳು ಇದನ್ನು ಗದ್ದಲ ಎಂದು ಬರೆಯುತ್ತವೆ. ಬೇರೆ ಮೇಜು ಇಲ್ಲದಿದ್ದಾಗ ಗದ್ದಲವೇ ಮೇಜಾಗುತ್ತದೆ.

ಹಣದ ಕಡೆಯಿಂದಲೂ ನೋಡಬೇಕು. ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಸಣ್ಣ ನಗರಗಳಿಗೆ ಕೊಟ್ಟ ಅನುದಾನದ ನೂರು ರೂಪಾಯಿಯನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಅದರಲ್ಲಿ 30 ನೈರ್ಮಲ್ಯಕ್ಕೆ, 30 ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ ಮೊದಲೇ ಕಟ್ಟಿದ ಹಣ. ಉಳಿದ 40 ಮಾತ್ರ ಬಿಡಿ ಹಣ, ಅದನ್ನೂ ಸಂಬಳಕ್ಕೆ ಬಳಸುವಂತಿಲ್ಲ. ನಗರಸಭೆಯ ಸ್ವಂತ ಆದಾಯದಲ್ಲಿ ಪರಿಶಿಷ್ಟ ಜಾತಿ–ಪಂಗಡಗಳಿಗೆ 24.10, ಇತರ ಬಡವರಿಗೆ 7.25, ಅಂಗವಿಕಲರಿಗೆ 5 ಎಂದು ಶೇಕಡಾವಾರು ಮೀಸಲಿದೆ. ಕೂಡಿಸಿದರೆ 36.35. ಈ ಕಟ್ಟುಗಳ ಹಿಂದೆ ಒಳ್ಳೆಯ ಕಾರಣವಿದೆ. ಕಟ್ಟದೆ ಬಿಟ್ಟರೆ ದನಿಯಿಲ್ಲದವರ ಕೇರಿಗೆ ಹಣ ತಲುಪದು ಎಂಬುದು ದಶಕಗಳ ಅನುಭವ. ಮೇಲಿನಿಂದ ಬಂದ ಕಟ್ಟು ‘ಎಷ್ಟು’ ಎಂಬುದನ್ನು ಹೇಳುತ್ತದೆ, ‘ಯಾವುದು’ ಎಂಬುದನ್ನು ಹೇಳುವುದಿಲ್ಲ. ನೀರಿಗೆ 30 ಎಂದಾಗ ಅದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ಪಂಪಿಗೋ, ಸೋರುವ ಹಳೆಯ ಕೊಳವೆಗೋ, ಟ್ಯಾಂಕರ್ ಬಾಡಿಗೆಗೋ? ಆ ಆಯ್ಕೆ ಊರಿನದೇ. ಅದನ್ನು ಮಾಡಲು ನೀರಿನ ಲೆಕ್ಕವನ್ನು ವರ್ಷವಿಡೀ ನೋಡಿ ಬಲ್ಲ ಐದಾರು ಸದಸ್ಯರ ಗುಂಪು ಬೇಕು. ಅದಿಲ್ಲದಿದ್ದರೆ ಪ್ರತಿ ಏಪ್ರಿಲ್‌ನಲ್ಲಿ ಟ್ಯಾಂಕರೇ ಗೆಲ್ಲುತ್ತದೆ. ಟ್ಯಾಂಕರಿನ ಬೇಡಿಕೆ ಬೀದಿಯಲ್ಲಿ ಕೊಡ ಹಿಡಿದು ನಿಂತಿರುತ್ತದೆ. ನೆಲದೊಳಗಿನ ಕೊಳವೆಯ ಪರವಾಗಿ ಯಾರೂ ಪ್ರತಿಭಟನೆ ಮಾಡುವುದಿಲ್ಲ.

ಇನ್ನು ದಿನದ ವಿಷಯ. 2018ರ ಆಗಸ್ಟ್ ಕೊನೆಯಲ್ಲಿ ಕರ್ನಾಟಕದ ನೂರಕ್ಕೂ ಹೆಚ್ಚು ನಗರ ಸಂಸ್ಥೆಗಳಿಗೆ ಚುನಾವಣೆ ನಡೆದು, ಸೆಪ್ಟೆಂಬರ್ ಮೊದಲ ವಾರ ಫಲಿತಾಂಶವೂ ಬಂತು. ಉಡುಪಿಯೂ ಅವುಗಳಲ್ಲೊಂದು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಸದಸ್ಯರು ಗೆದ್ದು ಮನೆಯಲ್ಲಿ ಕೂತರು, ಅಧಿಕಾರಿಗಳು ಆಡಳಿತಾಧಿಕಾರಿಗಳಾದರು. ಅಧ್ಯಕ್ಷರ ಆಯ್ಕೆ ಆದದ್ದು ಎರಡು ವರ್ಷ ಕಳೆದು, 2020ರ ಮಳೆಗಾಲ ಮುಗಿದ ಮೇಲೆ. ನಡುವೆ 2019ರ ಬೇಸಿಗೆಯಲ್ಲಿ ಉಡುಪಿ ನೀರಿಗಾಗಿ ಪರದಾಡಿತು. 2020ರ ಸೆಪ್ಟೆಂಬರ್ 20ರಂದು ನೆರೆ ನೀರು ಊರೊಳಗೆ ನುಗ್ಗಿತು. ಒಂದು ಬರ, ಒಂದು ನೆರೆ, ಎರಡೂ ಹೊತ್ತಿನಲ್ಲಿ ಮತ ಪಡೆದ 35 ಸದಸ್ಯರಿದ್ದರೂ ಅವರು ಕೂತು ತೀರ್ಮಾನಿಸುವ ಸಭೆ ಇರಲಿಲ್ಲ. ಅಧ್ಯಕ್ಷರ ಮೂವತ್ತು ತಿಂಗಳ ಅವಧಿ 2023ರಲ್ಲಿ ಮುಗಿದಾಗ ಮತ್ತೆ ಅದೇ ಕಥೆ. ಎರಡನೇ ಅವಧಿಯ ಅಧ್ಯಕ್ಷರು ಬಂದದ್ದು 2024ರ ಆಗಸ್ಟ್ ಹೊತ್ತಿಗೆ. ಬರವನ್ನೂ ನೆರೆಯನ್ನೂ ಅಧ್ಯಕ್ಷರು ತಡೆಯುತ್ತಿದ್ದರು ಎಂದು ಹೇಳುತ್ತಿಲ್ಲ. ಆದರೆ ಕರಾವಳಿಯಲ್ಲಿ ತೋಡಿನ ಹೂಳು ಮೇ ತಿಂಗಳೊಳಗೆ ತೆಗೆಯದಿದ್ದರೆ ತೆಗೆಯದಂತೆಯೇ. ಅದಕ್ಕೆ ಟೆಂಡರ್ ಫೆಬ್ರುವರಿಗೆ ಆಗಬೇಕು, ಪಟ್ಟಿ ಡಿಸೆಂಬರಿಗೆ ಸಿದ್ಧವಾಗಬೇಕು. ಮಳೆಗೆ ಒಂದು ಕ್ಯಾಲೆಂಡರ್ ಇದೆ, ಹಣಕಾಸು ವರ್ಷಕ್ಕೆ ಇನ್ನೊಂದು. ಇವೆರಡನ್ನೂ ಹೊಂದಿಸುವ ಕೆಲಸ ಸಮಿತಿಯದು. ಸಮಿತಿ ಇಲ್ಲದ ವರ್ಷ ಆ ಕೆಲಸ ಒಬ್ಬ ಇಂಜಿನಿಯರರ ನೆನಪಿಗೆ ಬಿಟ್ಟದ್ದು.

ಉಡುಪಿಯಿಂದ ತೆಂಕಣಕ್ಕೆ ಗಡಿ ದಾಟಿದರೆ ಕಾಸರಗೋಡು. 2011ರ ಗಣತಿಯಲ್ಲಿ 54,000 ಜನರಿದ್ದ ಸಣ್ಣ ನಗರಸಭೆ, ಕನ್ನಡ, ತುಳು, ಮಲಯಾಳ ಮೂರೂ ಬೀದಿಯಲ್ಲಿ ಕೇಳುವ ಊರು. ಉಡುಪಿಗಿಂತ ಅರ್ಧಕ್ಕೂ ಕಡಿಮೆ ಜನ, ಆದರೆ ಸ್ಥಾಯಿ ಸಮಿತಿಗಳು ಆರು. ಕೇರಳದ 1994ರ ಪೌರಸಭಾ ಕಾಯ್ದೆ ಪ್ರತಿ ನಗರಸಭೆಗೂ ಹಣಕಾಸು, ಅಭಿವೃದ್ಧಿ, ಕ್ಷೇಮ, ಆರೋಗ್ಯ, ಮರಾಮತ್ತು, ಶಿಕ್ಷಣ–ಕಲೆ–ಕ್ರೀಡೆ ಎಂಬ ಆರು ಸಮಿತಿಗಳನ್ನು ವಿಧಿಸಿದೆ. ಅಧ್ಯಕ್ಷರನ್ನು ಬಿಟ್ಟು ಪ್ರತಿಯೊಬ್ಬ ಸದಸ್ಯರೂ ಯಾವುದಾದರೂ ಒಂದರಲ್ಲಿ ಇರಲೇಬೇಕು. ವಾರ್ಡುಗಳ ಲೆಕ್ಕದಲ್ಲಿ ಒಂದೊಂದು ಸಮಿತಿಗೆ ಆರು ಜನರಂತೆ ಬೀಳುತ್ತದೆ. ಉಪಾಧ್ಯಕ್ಷರೇ ಹಣಕಾಸು ಸಮಿತಿಯ ಮುಖ್ಯಸ್ಥರು, ಬಜೆಟ್ ಮಂಡಿಸುವುದೂ ಅವರೇ. ಎರಡನೇ ಸ್ಥಾನ ಬರಿಯ ಸಮಾಧಾನದ ಸ್ಥಾನವಾಗದಂತೆ ಅದಕ್ಕೆ ಗಂಟಿನ ಕೀಲಿಕೈ ಕಟ್ಟಿದ್ದಾರೆ. 1996ರಲ್ಲಿ ಶುರುವಾದ ಜನಕೀಯ ಯೋಜನಾ ಆಂದೋಲನದಲ್ಲಿ ರಾಜ್ಯದ ಯೋಜನಾ ಹಣದ ಶೇಕಡ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟದ್ದು ಈ ಏರ್ಪಾಡಿಗೆ ಜೀವ ತುಂಬಿತು. ವಾರ್ಡು ಸಭೆಯಲ್ಲಿ ಬಂದ ಬೇಡಿಕೆ ಕಾರ್ಯತಂಡಕ್ಕೆ, ಅಲ್ಲಿಂದ ಅಭಿವೃದ್ಧಿ ವಿಚಾರಗೋಷ್ಠಿಗೆ, ಅಲ್ಲಿಂದ ಸ್ಥಾಯಿ ಸಮಿತಿಗೆ, ಕೊನೆಗೆ ಕೌನ್ಸಿಲಿಗೆ. ಹಾದಿ ಉದ್ದ. ಆದರೆ ಒಂದು ಬೀದಿಯ ಕಾಲುವೆ ಈ ವರ್ಷದ ಪಟ್ಟಿಯಿಂದ ಬಿಟ್ಟುಹೋದರೆ ಯಾವ ಮೆಟ್ಟಿಲಲ್ಲಿ ಬಿಟ್ಟುಹೋಯಿತು ಎಂದು ಹಿಂದಿರುಗಿ ನೋಡಬಹುದು. ಮಕ್ಕಳ ಆಟದ ಮೈದಾನದ ಪರವಾಗಿ ಮಾತಾಡುವುದೇ ಕೆಲಸವಾಗಿರುವ ಆರು ಜನ ಅಲ್ಲಿದ್ದಾರೆ. ಉಡುಪಿಯಲ್ಲಿ ಮೈದಾನ ಯಾವುದಾದರೂ ಒಬ್ಬ ಸದಸ್ಯರ ಒಲವಿನ ಮೇಲೆ ಬದುಕಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯದು. ಚುನಾವಣೆ ಇಲ್ಲದಿದ್ದರೂ ಗಲ್ಫಿನ ಊರುಗಳ ರಸ್ತೆ ಚೊಕ್ಕಟವಾಗಿವೆ, ಬೀದಿದೀಪ ಉರಿಯುತ್ತವೆ; ಸೌದಿಯಲ್ಲಿ 940ಕ್ಕೆ ಕರೆ ಮಾಡಿದರೆ ದೂರು ದಾಖಲಾಗುತ್ತದೆ. ಉಡುಪಿಯಲ್ಲೂ ಆಡಳಿತಾಧಿಕಾರಿಗಳ ಕಾಲದಲ್ಲಿ ಕಸದ ಗಾಡಿ ನಿಲ್ಲಲಿಲ್ಲ. ಹಾಗಿದ್ದ ಮೇಲೆ ಸಮಿತಿಗಳ ಮಾತು ಏಕೆ? ಈ ಆಕ್ಷೇಪ ಎರಡು ಬೇರೆ ಕೆಲಸಗಳನ್ನು ಒಂದೇ ಎಂದು ಹಿಡಿಯುತ್ತದೆ. ಇರುವುದನ್ನು ನಡೆಸಿಕೊಂಡು ಹೋಗುವುದು ಒಂದು ಕೆಲಸ, ಇಲ್ಲದ್ದರಲ್ಲಿ ಯಾವುದು ಮೊದಲು ಎಂದು ಆರಿಸುವುದು ಇನ್ನೊಂದು. ಕಸ ಎತ್ತುವುದಕ್ಕೆ ಒಳ್ಳೆಯ ಅಧಿಕಾರಿ, ಸಾಕಷ್ಟು ಹಣ, ಸರಿಯಾದ ಗುತ್ತಿಗೆ ಇದ್ದರೆ ಸಾಕು. ತೈಲದ ಹಣವಿರುವ ರಾಜ್ಯ ಅದನ್ನು ಚೆನ್ನಾಗಿಯೇ ಮಾಡಬಲ್ಲದು. 940ರಂಥ ದೂರಿನ ಕೇಂದ್ರವೂ ಕೆಟ್ಟದ್ದನ್ನು ಸರಿಪಡಿಸುವ ಯಂತ್ರವೇ. ಇಲ್ಲದ ಕಾಲುವೆಯ ಬಗ್ಗೆ ದೂರು ಕೊಟ್ಟರೆ ಅದು ಕಡತವಾಗುತ್ತದೆ, ಸರದಿಯಾಗುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಅಸೀರ್ ಪ್ರಾಂತಕ್ಕೆ ಘೋಷಿಸಿದ ಕಾರ್ಯನೀತಿಯನ್ನು ಗಮನಿಸಿ. 5,000 ಕೋಟಿ ರಿಯಾಲ್ ಹೂಡಿಕೆ, 2030ರ ಹೊತ್ತಿಗೆ ವರ್ಷಕ್ಕೆ ಒಂದು ಕೋಟಿ ಪ್ರವಾಸಿಗರ ಗುರಿ. ಬೆಟ್ಟ, ಮಂಜು, ಹಳೆಯ ಹಳ್ಳಿಗಳ ಚೆಲುವನ್ನು ನಂಬಿದ ದೊಡ್ಡ ಕನಸು ಅದು. ಪ್ರವಾಸಿಯ ಅಗತ್ಯವೂ ಖಮೀಸಿನ ಹಿಂಬದಿ ಬಡಾವಣೆಯ ಅಗತ್ಯವೂ ಒಂದೇ ಕಡೆ ಸಂಧಿಸಿದರೆ ಒಳ್ಳೆಯದೇ ಆಯಿತು. ಸಂಧಿಸದಿದ್ದರೆ ಎರಡರ ನಡುವೆ ಯಾವುದು ಮೊದಲು ಎಂಬ ಮಾತನ್ನು ಊರಿನ ಯಾವ ಮೇಜಿನ ಮೇಲೆ ಇಡಬೇಕು? ಅಧಿಕಾರಿ ದಕ್ಷರಾಗಿದ್ದಷ್ಟೂ ಈ ಪ್ರಶ್ನೆ ತೀಕ್ಷ್ಣವಾಗುತ್ತದೆ. ತಪ್ಪು ಆದ್ಯತೆಯನ್ನು ದಕ್ಷತೆಯಿಂದ ಮುಗಿಸಿದರೆ ಅದನ್ನು ಬಿಚ್ಚುವುದು ಕಷ್ಟ.

ಎರಡನೇ ಆಕ್ಷೇಪ ನಮ್ಮ ಕಡೆಯದೇ. ಆರು ಸಮಿತಿ ಎಂದರೆ ಆರು ಕುರ್ಚಿ, ಆರು ಕುರ್ಚಿ ಎಂದರೆ ಪಕ್ಷಗಳ ಹಂಚಿಕೆ, ಕಡತ ಆರು ಕಡೆ ಅಲೆಯುವುದು, ಸಭೆ ಭತ್ಯೆ. ಇದರಲ್ಲಿ ಸುಳ್ಳಿಲ್ಲ. ಕೇರಳದಲ್ಲೂ ಸ್ಥಾಯಿ ಸಮಿತಿಯ ಅಧ್ಯಕ್ಷಗಿರಿಗೆ ಮೇಲಾಟ ನಡೆಯುತ್ತದೆ. ಆದರೆ ಕುರ್ಚಿಯ ಆಸೆ ಸಮಿತಿ ಇಲ್ಲದ ಕಡೆಯೂ ಇದ್ದೇ ಇದೆ. ಅಲ್ಲಿ ಅದು ಒಂದೇ ಕುರ್ಚಿಯ ಸುತ್ತ ಸುತ್ತುತ್ತದೆ, ಉಳಿದವರಿಗೆ ಗುತ್ತಿಗೆದಾರರ ಸಹವಾಸವೇ ಅಧಿಕಾರ ಆಗಿಬಿಡುತ್ತದೆ. ಹೀಗಾಗಿ ಸಮಿತಿ ಬೇಡ ಎನ್ನುವ ಬದಲು ಎಂಥ ಸಮಿತಿ ಎಂದು ಕೇಳಬೇಕು. ಆರು ಎಂಬ ಅಂಕಿ ಪವಿತ್ರವೇನಲ್ಲ. ಐವತ್ತು ಸಾವಿರ ಜನರ ಊರಿಗೆ ಮೂರು ಸಾಕಾಗಬಹುದು: ನೀರು ಮತ್ತು ನೈರ್ಮಲ್ಯ, ರಸ್ತೆ ಮತ್ತು ಕಾಲುವೆ, ಹಣ ಮತ್ತು ಲೆಕ್ಕ. ಪ್ರತಿಯೊಂದಕ್ಕೂ ವರ್ಷದ ಆರಂಭದಲ್ಲೇ ತಿಳಿಸಿದ ಹಣದ ಮಿತಿ ಇರಲಿ. ಬಜೆಟ್ಟಿಗೂ ಮಳೆಗೂ ಹೊಂದುವ ಸಭೆಯ ದಿನಗಳು ಮೊದಲೇ ಗೊತ್ತಾಗಲಿ. ಪಟ್ಟಿಯಿಂದ ಕೈಬಿಟ್ಟ ಕೆಲಸಕ್ಕೆ ಕಾರಣ ಬರೆದು ಸಹಿ ಹಾಕುವ ಒಬ್ಬರಿರಲಿ. ಈ ಮೂರು ಇಲ್ಲದ ಸಮಿತಿ ಆರಿದ್ದರೂ ಒಂದೇ, ಅರವತ್ತಿದ್ದರೂ ಒಂದೇ.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಒಂದು ಕೊರತೆ. ಸಮಿತಿಯ ಮೇಜಿನಲ್ಲಿ ಕೂರುವುದು ಮತದಾರರು ಆರಿಸಿದವರು. ಊರಿನಲ್ಲಿ ಬದುಕುವವರೆಲ್ಲ ಮತದಾರರಲ್ಲ. 2022ರ ಗಣತಿಯ ಪ್ರಕಾರ ಸೌದಿಯ 3.2 ಕೋಟಿ ಜನಸಂಖ್ಯೆಯಲ್ಲಿ ಶೇಕಡ 40ಕ್ಕೂ ಹೆಚ್ಚು ಜನ ಹೊರದೇಶದವರು. ಖಮೀಸಿನ ಬಕಾಲಾದಲ್ಲಿ ನಿಂತ ಬಂಟ್ವಾಳದವರಿಗೆ ಬಲದಿಯಾ ದಿನನಿತ್ಯದ ಸರ್ಕಾರ, ಆದರೆ ಅವರ ಇಕಾಮಾ ಎಂಬ ವಾಸದ ಪರವಾನಗಿಯ ಬಲದಲ್ಲಿ ಒಂದು ಮತವೂ ಇಲ್ಲ. ಮಣಿಪಾಲದ ವಿದ್ಯಾರ್ಥಿಯ ಹೆಸರು ಮತಪಟ್ಟಿಯಲ್ಲಿ ಇರುವುದು ಬಹುಮಟ್ಟಿಗೆ ತನ್ನ ಊರಿನಲ್ಲಿ, ಕುಡಿಯುವುದು ಮಾತ್ರ ಉಡುಪಿ ನಗರಸಭೆಯ ನೀರು. ಮತವಿಲ್ಲದವರ ಬೀದಿಯ ಕಾಲುವೆಯ ಪರವಾಗಿ ಮಾತಾಡುವವರು ಯಾರು? ಇಲ್ಲಿ ದನಿಗಿಂತ ಅಳತೆಗೋಲು ಕೆಲಸಕ್ಕೆ ಬರುತ್ತದೆ. ಬ್ರೆಜಿಲ್‌ನ ಪೋರ್ತೊ ಅಲೆಗ್ರೆ ನಗರ 1989ರಲ್ಲಿ ಜನರೊಡನೆ ಕೂತು ಬಜೆಟ್ ಮಾಡುವ ಪದ್ಧತಿ ಶುರುಮಾಡಿದಾಗ ಹಣ ಹಂಚಲು ಅಂಕ ಕೊಡುವ ಕ್ರಮ ಇಟ್ಟುಕೊಂಡಿತು. ಪ್ರದೇಶದ ಜನಸಂಖ್ಯೆ ಎಷ್ಟು, ಸೌಕರ್ಯದ ಕೊರತೆ ಎಷ್ಟು, ಅಲ್ಲಿನವರು ಯಾವುದನ್ನು ಮೊದಲು ಎಂದರು, ಇವುಗಳಿಗೆ ಅಂಕ. ಹೆಚ್ಚು ಕೂಗಿದ ವಾರ್ಡಿಗೆ ಹೆಚ್ಚು ಎಂಬ ಲೆಕ್ಕ ಇದರಿಂದ ಸಡಿಲವಾಯಿತು. ಇಂಥ ಅಳತೆಯನ್ನು ಹಿಡಿಯಲು ದೊಡ್ಡ ತಂತ್ರಜ್ಞಾನ ಬೇಡ. ಮೂರು ವರ್ಷಗಳಲ್ಲಿ ಯಾವ ತೋಡು ಎಷ್ಟು ಸಲ ಉಕ್ಕಿತು, ಉಕ್ಕಿದಾಗ ಎಷ್ಟು ಮನೆಗೆ ನೀರು ನುಗ್ಗಿತು, ಸುತ್ತಮುತ್ತ ಬೇರೆ ಹರಿದಾರಿ ಇದೆಯೇ ಎಂಬ ಮೂರು ಕಾಲಮ್ಮಿನ ಒಂದು ಹಾಳೆ ಸಾಕು. ಆ ಹಾಳೆಯಲ್ಲಿ ಮನೆಯ ಲೆಕ್ಕ ಇರುತ್ತದೆ, ಮತದ ಲೆಕ್ಕ ಇರುವುದಿಲ್ಲ. ಬಾಡಿಗೆ ಕೋಣೆಯಲ್ಲಿ ಆರು ಜನ ಮಲಗುವ ಕೂಲಿಯವರೂ ಅದರೊಳಗೆ ಬರುತ್ತಾರೆ.

ಅರಸೊತ್ತಿಗೆಯ ಊರನ್ನು ಪ್ರಜಾಪ್ರಭುತ್ವದ ಊರಿನ ಪಕ್ಕ ಇಟ್ಟು ತೂಗುವುದು ನ್ಯಾಯವೇ ಎಂದು ಕೇಳಬಹುದು. ಯಾವುದು ಮೇಲು ಎಂದು ತೀರ್ಪು ಕೊಡಲು ಹೊರಟರೆ ನ್ಯಾಯವಲ್ಲ. ಎರಡು ಬೇರೆ ಬೇರೆ ವ್ಯವಸ್ಥೆಗಳಲ್ಲಿ ಒಂದೇ ಕಡೆ ಬಿರುಕು ಕಂಡಿತೆಂಬುದೇ ಇಲ್ಲಿನ ವಿಷಯ. 1977ರ ಕಾನೂನು 28 ವರ್ಷ ಕಾಗದದಲ್ಲಿ ಉಳಿಯಿತು. ನಮ್ಮಲ್ಲಿ 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರ ಸಂಸ್ಥೆಗಳಿಗೆ ಬಿಟ್ಟುಕೊಡಬಹುದಾದ 18 ಕೆಲಸಗಳ ಪಟ್ಟಿ ಕೊಟ್ಟಿತು. ಅವುಗಳಲ್ಲಿ ನಗರ ಯೋಜನೆಯಂಥ ಮುಖ್ಯವಾದವು ಇಂದಿಗೂ ಬೇರೆ ಪ್ರಾಧಿಕಾರಗಳ ಕೈಯಲ್ಲಿವೆ. ವಾರ್ಡು ಸಮಿತಿಯನ್ನು ಸಂವಿಧಾನ ಕಡ್ಡಾಯ ಮಾಡಿದ್ದು 3 ಲಕ್ಷ ದಾಟಿದ ಊರಿಗೆ ಮಾತ್ರ, ಸಣ್ಣ ಊರಿನ ಮೆಟ್ಟಿಲಿಗೆ ಅದು ಬರಲೇ ಇಲ್ಲ. ಮತಪೆಟ್ಟಿಗೆ ಬಂದರೆ ಮೇಜು ತಾನಾಗಿ ಬರುತ್ತದೆ ಎಂಬ ನಂಬಿಕೆಯನ್ನು ಉಡುಪಿಯ ಆ ಎರಡು ವರ್ಷ ಸುಳ್ಳು ಮಾಡಿದೆ. ಒಳ್ಳೆಯ ಆಡಳಿತ ಬಂದರೆ ಮೇಜೇ ಬೇಡ ಎಂಬ ನಂಬಿಕೆಯನ್ನು ಖಮೀಸಿನ ಗಂಟಿಲ್ಲದ ಪರಿಷತ್ತು ಪ್ರಶ್ನಿಸುತ್ತದೆ.

ಓದುಗರು ಇದನ್ನು ತಮ್ಮ ಊರಿನಲ್ಲೇ ಅಳೆದು ನೋಡಬಹುದು. ಪುರಸಭೆಯದೋ ನಗರಸಭೆಯದೋ ಕಳೆದ ಹನ್ನೆರಡು ತಿಂಗಳ ಕಾರ್ಯಸೂಚಿ ತರಿಸಿಕೊಳ್ಳಿ, ಮಾಹಿತಿ ಹಕ್ಕಿನ ಒಂದು ಅರ್ಜಿ ಸಾಕು. ಪಕ್ಷ, ಭಾಷಣ, ಗದ್ದಲ ಎಲ್ಲ ಬದಿಗಿಟ್ಟು ಎರಡೇ ಲೆಕ್ಕ ಹಾಕಿ. ಸಮಿತಿಯ ಮೇಜಿನಿಂದ ಕಾರಣ ಸಮೇತ ಬಂದ ವಿಷಯಗಳೆಷ್ಟು, ಕೆಲಸ ಮುಗಿದ ಮೇಲೆ ‘ಘಟನೋತ್ತರ ಮಂಜೂರಾತಿ’ಗೆ ಬಂದವು ಎಷ್ಟು. ಮೊದಲನೆಯ ಅಂಕಿ ದೊಡ್ಡದಾಗಿದ್ದರೆ ನಿಮ್ಮ ಊರಿನಲ್ಲಿ ಯಾವ ಚರಂಡಿ ಮೊದಲು ಎಂದು ಯಾರೋ ಕೂತು ಯೋಚಿಸುತ್ತಿದ್ದಾರೆ. ಎರಡನೆಯದು ದೊಡ್ಡದಾಗಿದ್ದರೆ ಅದನ್ನು ಮಳೆಯೇ ಆರಿಸುತ್ತಿದೆ, ಸಭೆ ಅದಕ್ಕೆ ಸಹಿ ಹಾಕುತ್ತಿದೆ.